ಕಮಾಂಡೊಗಳು ಬರುವ ಮುನ್ನ ನಿಂತವರು

ಚರ್ಚ್ ಸ್ಟ್ರೀಟಿನ ಹಳೆಯ ಪುಸ್ತಕದಂಗಡಿಯಾಗಲಿ, ವಿಮಾನ ನಿಲ್ದಾಣದ ಮಳಿಗೆಯಾಗಲಿ, ಇಂಗ್ಲಿಷ್ ಕಾದಂಬರಿಗಳ ಕಪಾಟಿನಲ್ಲಿ ಒಂದು ಬಗೆಯ ಪುಸ್ತಕ ತಪ್ಪದೆ ಕಣ್ಣಿಗೆ ಬೀಳುತ್ತದೆ. ಮುಖಪುಟದಲ್ಲಿ ಉಬ್ಬಚ್ಚಿನ ದೊಡ್ಡ ಅಕ್ಷರಗಳು, ಹೆಲಿಕಾಪ್ಟರಿನ ನೆರಳು, ಬಂದೂಕು ಹಿಡಿದ ಒಂಟಿ ಆಕೃತಿ. ಒಳಗಿನ ಕಥೆಯೂ ಬಹುಮಟ್ಟಿಗೆ ಪರಿಚಿತವೇ. ಭಯೋತ್ಪಾದಕರು ಅಮಾಯಕರನ್ನು ಒತ್ತೆಯಾಳುಗಳನ್ನಾಗಿ ಇಟ್ಟುಕೊಳ್ಳುತ್ತಾರೆ. ರಾಜಕಾರಣಿಗಳು ಕೈ ಹಿಸುಕಿಕೊಳ್ಳುತ್ತಾರೆ. ಆಗ ಕರೆ ಹೋಗುವುದು ಬೆರಳೆಣಿಕೆಯ ಯೋಧರ ವಿಶೇಷ ಪಡೆಗೆ. ಅವರು ಸರಿಯಾದ ಹೊತ್ತಿಗೆ ಬರುತ್ತಾರೆ, ಗುರಿ ತಪ್ಪದೆ ಹೊಡೆಯುತ್ತಾರೆ, ಬಂದಷ್ಟೇ ಸದ್ದಿಲ್ಲದೆ ಮರೆಯಾಗುತ್ತಾರೆ. ಕೊನೆಯ ಪುಟದ ಹೊತ್ತಿಗೆ ಎಲ್ಲ ಲೆಕ್ಕವೂ ಚುಕ್ತಾ ಆಗಿರುತ್ತದೆ.

ಇಂಥ ಕೃತಿಗಳನ್ನು ಓದುವುದು ಕೀಳಭಿರುಚಿ ಎಂದು ಮೂಗು ಮುರಿಯುವ ಅಗತ್ಯವಿಲ್ಲ. ದಿನವಿಡೀ ದುಡಿದು ಬಂದವರು ರಾತ್ರಿ ಒಂದಿಷ್ಟು ರೋಚಕತೆ ಬಯಸಿದರೆ ತಪ್ಪೇನೂ ಇಲ್ಲ. ಪ್ರಶ್ನೆ ಇರುವುದು ಬೇರೆ ಕಡೆ. ಭಯೋತ್ಪಾದನೆಯ ವಿಷಯದಲ್ಲಿ ಪ್ರಭುತ್ವದಿಂದ ನಾವು ಏನನ್ನು ನಿರೀಕ್ಷಿಸಬೇಕು, ಯಾರನ್ನು ವೀರರೆಂದು ಎಣಿಸಬೇಕು, ಯಾವುದಕ್ಕೆ ಹಣ ಕೊಡಬೇಕು ಎಂಬುದನ್ನೂ ಈ ಕಥೆಗಳು ನಮಗರಿವಿಲ್ಲದೆ ಕಲಿಸುತ್ತಿವೆ. ಆ ಪಾಠದಲ್ಲಿ ಬಿಟ್ಟುಹೋಗಿರುವ ಭಾಗ ಬಹಳ ದೊಡ್ಡದು.

ಈ ಪ್ರಕಾರ ಜನಪ್ರಿಯವಾಗಲು ಕಾರಣವಾದ ಘಟನೆಗಳಲ್ಲಿ ಮುಖ್ಯವಾದದ್ದು 1980ರ ಮೇ 5ರಂದು ಲಂಡನ್ನಿನಲ್ಲಿ ನಡೆಯಿತು. ಅಲ್ಲಿನ ಇರಾನ್ ರಾಯಭಾರ ಕಚೇರಿಯನ್ನು ಏಪ್ರಿಲ್ 30ರಂದು ಆರು ಮಂದಿ ಬಂದೂಕುಧಾರಿಗಳು ವಶಪಡಿಸಿಕೊಂಡು 26 ಮಂದಿಯನ್ನು ಒತ್ತೆ ಇಟ್ಟುಕೊಂಡಿದ್ದರು. ಆರನೆಯ ದಿನ ಅವರು ಒಬ್ಬ ಒತ್ತೆಯಾಳನ್ನು ಕೊಂದು ಶವವನ್ನು ಹೊರಗೆಸೆದ ಮೇಲೆ ಬ್ರಿಟಿಷ್ ಸೇನೆಯ ಎಸ್‌ಎಎಸ್ ತುಕಡಿ ಒಳನುಗ್ಗಿತು. ಹದಿನೇಳು ನಿಮಿಷಗಳಲ್ಲಿ ಕಾರ್ಯಾಚರಣೆ ಮುಗಿಯಿತು. ಕಪ್ಪು ಉಡುಪಿನ, ಮುಖಗವಸಿನ ಯೋಧರು ಮಹಡಿಯ ಮೊಗಸಾಲೆಯಿಂದ ಒಳನುಗ್ಗುವ ದೃಶ್ಯವನ್ನು ಲಕ್ಷಾಂತರ ಜನ ಮನೆಯಲ್ಲಿ ಕುಳಿತು ಟೆಲಿವಿಷನ್ನಿನಲ್ಲಿ ನೇರವಾಗಿ ಕಂಡರು. ಅಲ್ಲಿಯವರೆಗೆ ಹೆಚ್ಚಿನವರು ಹೆಸರನ್ನೂ ಕೇಳಿರದ ಒಂದು ಪಡೆ ಒಂದೇ ಸಂಜೆಯಲ್ಲಿ ದಂತಕಥೆಯಾಯಿತು. ಸಿನಿಮಾ, ಆತ್ಮಕಥೆ, ಕಾದಂಬರಿಗಳು ಸಾಲುಗಟ್ಟಿ ಬಂದವು.

ಆ ದಂತಕಥೆಯಲ್ಲಿ ಹಿನ್ನೆಲೆಗೆ ಸರಿದ ವ್ಯಕ್ತಿಯೊಬ್ಬರಿದ್ದಾರೆ. ಕಚೇರಿಯ ಬಾಗಿಲು ಕಾಯುತ್ತಿದ್ದ ಪೊಲೀಸ್ ಕಾನ್‌ಸ್ಟೆಬಲ್ ಟ್ರೆವರ್ ಲಾಕ್. ಒತ್ತೆಯಾಳುಗಳಲ್ಲಿ ಅವರೂ ಒಬ್ಬರು. ತಮ್ಮ ಪಿಸ್ತೂಲನ್ನು ಕೋಟಿನೊಳಗೆ ಬಚ್ಚಿಟ್ಟುಕೊಂಡು, ಅದು ಕಾಣದಿರಲೆಂದು ಆರು ದಿನವೂ ಕೋಟು ಕಳಚದೆ ಕುಳಿತಿದ್ದರು. ಒಳಗಿದ್ದವರ ಮನಃಸ್ಥೈರ್ಯ ಕಾಯುತ್ತ, ಕಿಟಕಿಯ ಬಳಿ ನಿಂತು ಹೊರಗಿನ ಸಂಧಾನಕಾರರೊಡನೆ ಮಾತಾಡುತ್ತ, ಕೊನೆಗೆ ಎಸ್‌ಎಎಸ್ ನುಗ್ಗಿದ ಗಳಿಗೆಯಲ್ಲಿ ಉಗ್ರರ ನಾಯಕನ ಮೇಲೆ ಬಿದ್ದು ಅವನನ್ನು ತಡೆದರು. ಇತ್ತ ಪೊಲೀಸ್ ಸಂಧಾನಕಾರರು ಹಗಲೂ ರಾತ್ರಿ ಮಾತುಕತೆ ನಡೆಸಿ ಐವರನ್ನು ಅದಕ್ಕೆ ಮೊದಲೇ ಬಿಡಿಸಿಕೊಂಡಿದ್ದರು. ಹದಿನೇಳು ನಿಮಿಷಗಳ ಹಿಂದೆ ಆರು ದಿನಗಳ ತಾಳ್ಮೆಯಿತ್ತು. ಕಾದಂಬರಿಕಾರರು ಆಯ್ದುಕೊಂಡದ್ದು ಹದಿನೇಳು ನಿಮಿಷಗಳನ್ನು ಮಾತ್ರ.

ಈ ಕಾರ್ಯಾಚರಣೆಗೆ ಹನ್ನೊಂದು ದಿನ ಮೊದಲು ನಡೆದ ಇನ್ನೊಂದು ಘಟನೆಯನ್ನೂ ನೆನೆಯಬೇಕು. ಟೆಹರಾನಿನಲ್ಲಿ ಸೆರೆಯಾಗಿದ್ದ ತನ್ನ ರಾಜತಾಂತ್ರಿಕ ಸಿಬ್ಬಂದಿಯನ್ನು ಬಿಡಿಸಲು 1980ರ ಏಪ್ರಿಲ್ 24ರಂದು ಅಮೆರಿಕ ತನ್ನ ಡೆಲ್ಟಾ ಪಡೆಯನ್ನು ಇರಾನಿನ ಮರುಭೂಮಿಗೆ ಇಳಿಸಿತು. ಹೊರಟ ಎಂಟು ಹೆಲಿಕಾಪ್ಟರುಗಳಲ್ಲಿ ಆರು ಮಾತ್ರ ತಲುಪಿದವು. ಅವುಗಳಲ್ಲೂ ಒಂದು ಕೆಟ್ಟಿತು. ಕಾರ್ಯಾಚರಣೆ ಕೈಬಿಟ್ಟು ಮರಳುವ ಗಡಿಬಿಡಿಯಲ್ಲಿ ಹೆಲಿಕಾಪ್ಟರ್ ವಿಮಾನಕ್ಕೆ ಅಪ್ಪಳಿಸಿ ಎಂಟು ಮಂದಿ ಸತ್ತರು. ಆ ಯೋಧರ ಶೌರ್ಯ, ತರಬೇತಿ ಲಂಡನ್ನಿನವರಿಗಿಂತ ಕಡಿಮೆಯದೇನಲ್ಲ. ಧೂಳು, ದೂರ ಮತ್ತು ಯಂತ್ರ ಕೈಕೊಟ್ಟವು, ಅಷ್ಟೆ. ಎರಡು ವಾರಗಳೊಳಗಿನ ಈ ಎರಡು ಘಟನೆಗಳಲ್ಲಿ ರೋಚಕ ಸಾಹಿತ್ಯ ಯಾವುದನ್ನು ತನ್ನ ಮಾದರಿಯಾಗಿಸಿಕೊಂಡಿತು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಾದಂಬರಿಯಲ್ಲಿ ಕಾಣೆಯಾಗುವುದು ಪೊಲೀಸ್ ಪೇದೆಯೊಬ್ಬನೇ ಅಲ್ಲ, ನ್ಯಾಯಾಲಯವೂ ಕಾಣೆಯಾಗುತ್ತದೆ. ಟಾಮ್ ಕ್ಲಾನ್ಸಿಯ ‘ರೇನ್‌ಬೋ ಸಿಕ್ಸ್’ (1998) ಈ ಪ್ರಕಾರದ ಅತ್ಯಂತ ಪ್ರಸಿದ್ಧ ಕೃತಿಗಳಲ್ಲಿ ಒಂದು. ಹಲವು ದೇಶಗಳ ಆಯ್ದ ಯೋಧರ ಗುಪ್ತ ಪಡೆಯೊಂದು ಇಂಗ್ಲೆಂಡಿನ ನೆಲೆಯಿಂದ ಹೊರಟು ಯುರೋಪಿನ ಒತ್ತೆಸೆರೆ ಪ್ರಕರಣಗಳನ್ನು ಒಂದೊಂದಾಗಿ ಬಗೆಹರಿಸುತ್ತದೆ. ಕಟ್ಟಕಡೆಗೆ, ಮನುಕುಲವನ್ನೇ ರೋಗಾಣುವಿನಿಂದ ಅಳಿಸಲು ಹೊರಟ ಸಂಚುಕೋರರು ಬ್ರೆಜಿಲ್‌ನ ಕಾಡಿನಲ್ಲಿ ಸೆರೆ ಸಿಕ್ಕುತ್ತಾರೆ. ವಿಚಾರಣೆ ನಡೆಸುವುದು ಕಷ್ಟವೆಂದು ಬಗೆದ ನಾಯಕ ಅವರ ಬಟ್ಟೆ ಬಿಚ್ಚಿಸಿ, ಬರಿಗೈಯಲ್ಲಿ ಅಮೆಜಾನ್ ಕಾಡಿನೊಳಗೆ ಬಿಟ್ಟು ಹೊರಟುಬಿಡುತ್ತಾನೆ. ಓದುಗ ಇಲ್ಲಿ ಚಪ್ಪಾಳೆ ತಟ್ಟುತ್ತಾನೆ. ತಟ್ಟದೆ ಏನು ಮಾಡಿಯಾನು? ಆ ಪಾತ್ರಗಳು ತಪ್ಪಿತಸ್ಥರೆಂಬುದು ಏಳುನೂರು ಪುಟಗಳಿಂದ ಅವನಿಗೆ ಗೊತ್ತಿದೆ. ಕಾದಂಬರಿಕಾರನೇ ಸಾಕ್ಷಿ, ಅವನೇ ನ್ಯಾಯಾಧೀಶ. ನಿಜ ಜೀವನದಲ್ಲಿ ಯಾರಿಗೂ ಆ ಸರ್ವಜ್ಞತ್ವ ಇರುವುದಿಲ್ಲ. ನ್ಯಾಯಾಲಯಗಳನ್ನು ಕಟ್ಟಿಕೊಂಡಿರುವುದೇ ಆ ಕಾರಣಕ್ಕೆ.

ಕ್ಲಾನ್ಸಿ ಸೇನೆಯಲ್ಲಿ ಸೇವೆ ಸಲ್ಲಿಸಿದವರಲ್ಲ; ವಿಮಾ ವ್ಯವಹಾರ ನಡೆಸುತ್ತಿದ್ದವರು. ಸೇನೆಯಲ್ಲಿದ್ದು ಬಂದವರು ಬರೆದರೆ ಸತ್ಯ ಸಿಗುತ್ತದೆಯೇ? ಅದೂ ಅಷ್ಟು ಸುಲಭವಲ್ಲ. 1991ರ ಕೊಲ್ಲಿ ಯುದ್ಧದಲ್ಲಿ ಇರಾಕಿನೊಳಗೆ ಇಳಿದ ಎಂಟು ಮಂದಿಯ ಎಸ್‌ಎಎಸ್ ತಂಡದಲ್ಲಿ ಮೂವರು ಸತ್ತರು, ನಾಲ್ವರು ಸೆರೆಯಾದರು, ಒಬ್ಬರು ನಡೆದೇ ಸಿರಿಯಾ ತಲುಪಿದರು. ಸತ್ತ ಮೂವರಲ್ಲಿ ಇಬ್ಬರು ಬಲಿಯಾದದ್ದು ಗುಂಡಿಗಲ್ಲ, ಮರುಭೂಮಿಯ ಕಡುಚಳಿಗೆ. ತಂಡದ ನಾಯಕ ಆಂಡಿ ಮೆಕ್‌ನಾಬ್ ಎಂಬ ಕಾವ್ಯನಾಮದಲ್ಲಿ 1993ರಲ್ಲಿ ‘ಬ್ರಾವೊ ಟೂ ಝೀರೊ’ ಬರೆದರು. ತಪ್ಪಿಸಿಕೊಂಡು ಬಂದವರು 1995ರಲ್ಲಿ ಕ್ರಿಸ್ ರಯಾನ್ ಎಂಬ ಹೆಸರಿನಲ್ಲಿ ತಮ್ಮ ಕಥೆ ಹೇಳಿದರು. ಇಬ್ಬರ ವಿವರಗಳೂ ಪೂರ್ತಿ ತಾಳೆಯಾಗಲಿಲ್ಲ. ಮುಂದೆ ಮೈಕಲ್ ಆಶರ್ ಎಂಬ ಲೇಖಕರು ಇರಾಕಿಗೆ ಹೋಗಿ ಸ್ಥಳೀಯರನ್ನು ಮಾತಾಡಿಸಿ, ಕೊಂದ ಶತ್ರುಗಳ ಸಂಖ್ಯೆಯೂ ಸೇರಿದಂತೆ ಹಲವು ವಿವರಗಳು ಉತ್ಪ್ರೇಕ್ಷೆಯೆಂದು 2002ರಲ್ಲಿ ವಾದಿಸಿದರು. ಮೆಕ್‌ನಾಬ್ ಮತ್ತು ರಯಾನ್ ಇಬ್ಬರೂ ಜನಪ್ರಿಯ ಕಾದಂಬರಿಕಾರರಾದರು ಎಂಬುದು ಇಲ್ಲಿ ಗಮನಾರ್ಹ. ಅನುಭವವು ಕಥೆಯಾಗುವ ಹಾದಿಯಲ್ಲಿ ಮೊದಲು ಬಿದ್ದುಹೋಗುವುದು ಕೆಲಸ ಮಾಡದ ರೇಡಿಯೊ, ಚಳಿ, ಗೊಂದಲ. ಉಳಿಯುವುದು ಗುಂಡಿನ ಸದ್ದು.

ಹಾಗೆಂದ ಮಾತ್ರಕ್ಕೆ ಈ ಪ್ರಕಾರಕ್ಕೆ ಸಲ್ಲಬೇಕಾದ ಶ್ರೇಯವನ್ನು ನಿರಾಕರಿಸಲಾಗದು. ಪ್ರಯಾಣಿಕರ ವಿಮಾನವನ್ನೇ ಆಯುಧವಾಗಿಸಿ ಅಮೆರಿಕದ ಸಂಸತ್ ಭವನಕ್ಕೆ ಅಪ್ಪಳಿಸುವ ಕಲ್ಪನೆಯನ್ನು ಕ್ಲಾನ್ಸಿ 1994ರ ‘ಡೆಟ್ ಆಫ್ ಆನರ್’ ಕಾದಂಬರಿಯಲ್ಲೇ ತಂದಿದ್ದರು. 2001ರ ಸೆಪ್ಟೆಂಬರ್ 11ರ ದಾಳಿಯ ಬಗ್ಗೆ ತನಿಖೆ ನಡೆಸಿದ ಆಯೋಗ 2004ರ ತನ್ನ ವರದಿಯಲ್ಲಿ, ಸರ್ಕಾರದ ವೈಫಲ್ಯಗಳಲ್ಲಿ ಕಲ್ಪನಾಶಕ್ತಿಯ ಕೊರತೆಯೂ ಒಂದೆಂದಿತು. ಶ್ವೇತಭವನದ ಭಯೋತ್ಪಾದನಾ ನಿಗ್ರಹದ ಹೊಣೆ ಹೊತ್ತಿದ್ದ ಅಧಿಕಾರಿಗೆ ಇಂಥ ಅಪಾಯದ ಅರಿವು ಮೂಡಿದ್ದು ಗುಪ್ತಚರ ಎಚ್ಚರಿಕೆಗಳಿಗಿಂತ ಹೆಚ್ಚಾಗಿ ಕ್ಲಾನ್ಸಿಯ ಕಾದಂಬರಿಗಳಿಂದ ಎಂಬ ಮಾತೂ ಆ ವರದಿಯಲ್ಲಿ ದಾಖಲಾಗಿದೆ. ಅಪಾಯವನ್ನು ಊಹಿಸುವಲ್ಲಿ ಕಾದಂಬರಿಕಾರರು ಅಧಿಕಾರಿಗಳಿಗಿಂತ ಮುಂದಿದ್ದರು. ಪರಿಹಾರವನ್ನು ಊಹಿಸುವಲ್ಲಿ ಮಾತ್ರ ಅವರು ಸುಲಭದ ದಾರಿ ಹಿಡಿದರು.

ಆ ಸುಲಭದ ದಾರಿ ಎಷ್ಟು ಅಪಾಯಕಾರಿ ಎಂಬುದಕ್ಕೆ ಮಾಸ್ಕೋ ನಿದರ್ಶನ. 2002ರ ಅಕ್ಟೋಬರಿನಲ್ಲಿ ಅಲ್ಲಿನ ರಂಗಮಂದಿರವೊಂದನ್ನು ಚೆಚೆನ್ ಉಗ್ರರು ವಶಪಡಿಸಿಕೊಂಡು ಎಂಟುನೂರಕ್ಕೂ ಹೆಚ್ಚು ಪ್ರೇಕ್ಷಕರನ್ನು ಒತ್ತೆ ಇಟ್ಟುಕೊಂಡರು. ರಷ್ಯಾದ ವಿಶೇಷ ಪಡೆ ಅರಿವಳಿಕೆ ಅನಿಲ ಹರಿಸಿ ಒಳಹೊಕ್ಕು ಉಗ್ರರನ್ನು ಕೊಂದಿತು. ಥ್ರಿಲ್ಲರ್ ಮುಗಿಯುವುದು ಅಲ್ಲಿಗೇ. ವಾಸ್ತವ ಅಲ್ಲಿಗೆ ಮುಗಿಯಲಿಲ್ಲ. ಅನಿಲ ಸೇವಿಸಿ ಪ್ರಜ್ಞೆ ತಪ್ಪಿದವರಿಗೆ ತಕ್ಕ ವೈದ್ಯಕೀಯ ವ್ಯವಸ್ಥೆ ಇರಲಿಲ್ಲ. ಒತ್ತೆಯಾಳುಗಳಲ್ಲಿ ಸುಮಾರು 130 ಮಂದಿ ಸತ್ತರು. ಅವರಲ್ಲಿ ಬಹುತೇಕರನ್ನು ಕೊಂದದ್ದು ಉಗ್ರರ ಗುಂಡಲ್ಲ. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2011ರಲ್ಲಿ ದೋಷವೆಂದು ಎತ್ತಿ ತೋರಿಸಿದ್ದು ಅನಿಲ ಬಳಸಿದ ನಿರ್ಧಾರವನ್ನಲ್ಲ, ರಕ್ಷಣಾ ಕಾರ್ಯದ ಸಿದ್ಧತೆಯಲ್ಲಿನ ಲೋಪವನ್ನು. ಬಂದೂಕು ಹಿಡಿದ ಯೋಧನಷ್ಟೇ ಮುಖ್ಯ ಆಂಬುಲೆನ್ಸಿನ ಚಾಲಕ ಎಂಬುದು ಅದರ ತಾತ್ಪರ್ಯ.

ನಮಗೆ ಈ ಪಾಠ ದೂರದ್ದಲ್ಲ. 2008ರ ನವೆಂಬರ್ 26ರ ರಾತ್ರಿ ಹತ್ತು ಉಗ್ರರು ಮುಂಬೈ ಮೇಲೆ ಎರಗಿದಾಗ ಎನ್‌ಎಸ್‌ಜಿ ಕಮಾಂಡೊಗಳು ದಿಲ್ಲಿಯ ಸಮೀಪದ ಮನೇಸರದಲ್ಲಿದ್ದರು. ಅವರು ವಿಮಾನವೇರಿ ಬಂದು ಕಾರ್ಯಾಚರಣೆಗೆ ಇಳಿಯುವಷ್ಟರಲ್ಲಿ ಬೆಳಗಾಗಿತ್ತು. ನೌಕಾಪಡೆಯ ಕಮಾಂಡೊಗಳು ಅದಕ್ಕೆ ಮೊದಲೇ ತಾಜ್ ಹೋಟೆಲನ್ನು ಪ್ರವೇಶಿಸಿದ್ದರಾದರೂ, ಮೊದಲ ಗಂಟೆಗಳ ಭಾರ ಬಿದ್ದದ್ದು ಹಳೆಯ ಬಂದೂಕು, ಬರಿ ಲಾಠಿ ಹಿಡಿದ ಸಾಮಾನ್ಯ ಪೊಲೀಸರ ಮೇಲೆ. ಛತ್ರಪತಿ ಶಿವಾಜಿ ಟರ್ಮಿನಸ್‌ನಲ್ಲಿ ಗುಂಡಿನ ನಡುವೆಯೂ ಧ್ವನಿವರ್ಧಕದಲ್ಲಿ ಪ್ರಯಾಣಿಕರಿಗೆ ಸುರಕ್ಷಿತ ದಾರಿ ಹೇಳುತ್ತ ಕುಳಿತವರು ಒಬ್ಬ ರೈಲ್ವೆ ಉದ್ಘೋಷಕರು. ಗಿರಗಾಂವ್ ಚೌಪಾಟಿಯಲ್ಲಿ ಅಜ್ಮಲ್ ಕಸಬ್‌ನ ಬಂದೂಕಿನ ನಳಿಗೆಯನ್ನು ಎರಡೂ ಕೈಯಲ್ಲಿ ಹಿಡಿದು, ಗುಂಡುಗಳನ್ನು ಒಡಲಿನಲ್ಲಿ ತಾಳಿಕೊಂಡು, ಪ್ರಾಣ ಕೊಟ್ಟವರು ಸಹಾಯಕ ಸಬ್ ಇನ್‌ಸ್ಪೆಕ್ಟರ್ ತುಕಾರಾಂ ಓಂಬ್ಳೆ. ಅವರ ಬಳಿ ಇದ್ದದ್ದು ಲಾಠಿ ಮಾತ್ರ.

ಕಸಬ್ ಜೀವಂತ ಸಿಕ್ಕಿದ್ದರಿಂದಲೇ ಸಂಚಿನ ಎಳೆಗಳು ನ್ಯಾಯಾಲಯದಲ್ಲಿ ಬಿಚ್ಚಿಕೊಂಡವು. ವಿಶೇಷ ನ್ಯಾಯಾಲಯ 2010ರಲ್ಲಿ ಅವನಿಗೆ ಮರಣದಂಡನೆ ವಿಧಿಸಿತು. 2012ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅದೇ ವರ್ಷದ ನವೆಂಬರ್ 21ರಂದು ಶಿಕ್ಷೆ ಜಾರಿಯಾಯಿತು. ಅದೇ ಮೊಕದ್ದಮೆಯಲ್ಲಿ ಇಬ್ಬರು ಭಾರತೀಯ ಆರೋಪಿಗಳು ಸಾಕ್ಷ್ಯಾಧಾರ ಸಾಲದೆ ಬಿಡುಗಡೆಯಾದರು ಎಂಬುದನ್ನೂ ಮರೆಯಬಾರದು. ಕಮಾಂಡೊ ಕಾದಂಬರಿಯಲ್ಲಿ ಇಂಥವರಿಗೆ ಜಾಗವೇ ಇಲ್ಲ. ಅಲ್ಲಿ ಹಿಡಿದವರೆಲ್ಲ ತಪ್ಪಿತಸ್ಥರೇ.

ದಾಳಿಗೆ ನಮ್ಮ ಜನಪ್ರಿಯ ಸಾಹಿತ್ಯ ಸ್ಪಂದಿಸಿದ ಬಗೆ ನೋಡಿ. ಎಸ್. ಹುಸೇನ್ ಝೈದಿ ಅವರ 2015ರ ‘ಮುಂಬೈ ಅವೆಂಜರ್ಸ್’ನಲ್ಲಿ ಗುಪ್ತ ತಂಡವೊಂದು ಸಂಚುಕೋರರನ್ನು ಒಬ್ಬೊಬ್ಬರಾಗಿ ಬೇಟೆಯಾಡುತ್ತದೆ. ಅದೇ ವರ್ಷ ಅದು ‘ಫ್ಯಾಂಟಮ್’ ಹೆಸರಿನಲ್ಲಿ ಹಿಂದಿ ಸಿನಿಮಾ ಕೂಡ ಆಯಿತು. ನೊಂದ ಸಮಾಜಕ್ಕೆ ಇಂಥ ಸಾಂತ್ವನ ಬೇಕಾಗುತ್ತದೆ, ನಿಜ. ವಾಸ್ತವದಲ್ಲಿ ಆರೋಪಿ ತಹವ್ವುರ್ ರಾಣಾ ಅಮೆರಿಕದಿಂದ ಭಾರತಕ್ಕೆ ಹಸ್ತಾಂತರಗೊಂಡದ್ದು 2025ರ ಏಪ್ರಿಲ್‌ನಲ್ಲಿ. ಹದಿನಾರು ವರ್ಷಗಳಿಗೂ ಮೀರಿದ ಕಾಗದಪತ್ರ, ಮನವಿ, ನ್ಯಾಯಾಲಯಗಳ ಮೆಟ್ಟಿಲು. ಅದರಲ್ಲಿ ರೋಚಕತೆ ಇಲ್ಲ. ಆದರೆ ಕಾನೂನಿನ ಆಳ್ವಿಕೆಯುಳ್ಳ ದೇಶ ನಡೆಯಬೇಕಾದ ದಾರಿ ಅದು.

ಇಷ್ಟೆಲ್ಲ ಹೇಳುವಾಗ ಕಮಾಂಡೊಗಳ ತ್ಯಾಗವನ್ನು ಕಿರಿದಾಗಿಸುವ ಉದ್ದೇಶ ಲವಲೇಶವೂ ಇಲ್ಲ. ಬೆಂಗಳೂರಿನಲ್ಲಿ ಬೆಳೆದ ಮೇಜರ್ ಸಂದೀಪ್ ಉನ್ನಿಕೃಷ್ಣನ್ ತಾಜ್ ಹೋಟೆಲಿನೊಳಗೆ ಗಾಯಗೊಂಡ ಸಂಗಾತಿಯನ್ನು ಹೊರಗೆ ಕಳುಹಿಸಿ, ತಾವೊಬ್ಬರೇ ಉಗ್ರರ ಬೆನ್ನಟ್ಟಿ ಹುತಾತ್ಮರಾದಾಗ ಅವರಿಗೆ 31 ವರ್ಷ. ಯಲಹಂಕದ ರಸ್ತೆಯೊಂದಕ್ಕೆ ಅವರ ಹೆಸರಿದೆ. ಕಾದಂಬರಿಯ ನಾಯಕ ಮುಂದಿನ ಸಂಪುಟದಲ್ಲಿ ಮತ್ತೆ ಎದ್ದು ಬರುತ್ತಾನೆ. ಯಲಹಂಕದ ಮನೆಗೆ ಮಗ ಮರಳಲಿಲ್ಲ. ಸೋಲರಿಯದ, ಸಾವರಿಯದ ಯೋಧನ ಕಥೆಯನ್ನು ಸವಿಯುವ ನಾವು, ನಿಜವಾದ ಯೋಧ ತೆರುವ ಬೆಲೆಯನ್ನು ಹಗುರವಾಗಿ ಕಾಣುವ ಅಪಾಯವಿದೆ. ಎಲ್ಲ ಸಮಸ್ಯೆಗೂ ಅವನನ್ನೇ ಕರೆಯುವುದು ಅವನಿಗೆ ಸಲ್ಲಿಸುವ ಗೌರವವಲ್ಲ. ಅವನನ್ನು ಕರೆಯಬೇಕಾದ ಸಂದರ್ಭವೇ ಅಪರೂಪವಾಗುವಂತೆ ನೋಡಿಕೊಳ್ಳುವುದು ನಿಜವಾದ ಗೌರವ.

ಮುಂಬೈ ದಾಳಿಯ ಬಳಿಕ ಕೇಂದ್ರ ಸರ್ಕಾರ 2009ರಲ್ಲಿ ಮುಂಬೈ, ಚೆನ್ನೈ, ಹೈದರಾಬಾದ್, ಕೋಲ್ಕತ್ತಗಳಲ್ಲಿ ಎನ್‌ಎಸ್‌ಜಿ ನೆಲೆಗಳನ್ನು ತೆರೆಯಿತು. ಅದು ಅಗತ್ಯ ಕ್ರಮವೇ. ಆದರೆ ಎಷ್ಟೇ ಸಮೀಪದಲ್ಲಿದ್ದರೂ ಕಮಾಂಡೊ ಬರುವುದು ಎರಡನೆಯವನಾಗಿ. ಮೊದಲು ಅಲ್ಲಿರುವವನು ಬೀಟ್ ಪೊಲೀಸ್, ನಿಲ್ದಾಣದ ಸಿಬ್ಬಂದಿ, ಹೋಟೆಲಿನ ನೌಕರ, ದಾರಿಹೋಕ. ಅವನಿಗೆ ತರಬೇತಿ ಇದೆಯೇ, ಗುಂಡುನಿರೋಧಕ ಕವಚ ಇದೆಯೇ, ಬಂದ ಗುಪ್ತಚರ ಮಾಹಿತಿ ಅವನ ಠಾಣೆಯವರೆಗೆ ತಲುಪುತ್ತದೆಯೇ, ಗಾಯಾಳುಗಳಿಗೆ ಸಮೀಪದ ಆಸ್ಪತ್ರೆ ಸಜ್ಜಾಗಿದೆಯೇ ಎಂಬ ಪ್ರಶ್ನೆಗಳು ಬಜೆಟ್ ಚರ್ಚೆಯಲ್ಲಿ ಯಾರನ್ನೂ ರೋಮಾಂಚನಗೊಳಿಸುವುದಿಲ್ಲ. ಕಪ್ಪು ಉಡುಪಿನ ಹೊಸ ಪಡೆಯೊಂದರ ಪಥಸಂಚಲನವಾದರೆ ಕ್ಯಾಮೆರಾಗಳು ಸೇರುತ್ತವೆ. ಠಾಣೆಯ ಪೇದೆಗೆ ಒಳ್ಳೆಯ ವೈರ್‌ಲೆಸ್ ಕೊಟ್ಟರೆ ಅದು ಸುದ್ದಿಯಾಗುವುದಿಲ್ಲ. ಮತದಾರರಾಗಿ ನಾವು ಮೆಚ್ಚುವುದನ್ನೇ ಆಳುವವರು ಕೊಡುತ್ತಾರೆ. ನಾವು ಏನನ್ನು ಮೆಚ್ಚಬೇಕೆಂಬುದನ್ನು ನಾವು ಓದುವ, ನೋಡುವ ಕಥೆಗಳು ಒಂದಿಷ್ಟಾದರೂ ತಿದ್ದುತ್ತವೆ.

ಆದ್ದರಿಂದ ಈ ಕಾದಂಬರಿಗಳನ್ನು ಓದಬೇಡಿ ಎನ್ನುವುದು ನಮ್ಮ ಮಾತಲ್ಲ. ಓದಿ, ಆನಂದಿಸಿ. ಪುಸ್ತಕ ಮುಚ್ಚುವಾಗ, ಕಮಾಂಡೊ ಬರುವವರೆಗೆ ಬಾಗಿಲಲ್ಲಿ ನಿಂತಿದ್ದವನು ಯಾರು, ಅವನ ಕೈಯಲ್ಲಿ ಏನಿತ್ತು ಎಂದು ಒಮ್ಮೆ ಕೇಳಿಕೊಳ್ಳಿ. ಲಂಡನ್ನಿನಲ್ಲಿ ಅವನ ಬಳಿ ಬಚ್ಚಿಟ್ಟ ಒಂದು ಪಿಸ್ತೂಲಿತ್ತು. ಮುಂಬೈಯಲ್ಲಿ ಒಂದು ಲಾಠಿ ಇತ್ತು. ಮುಂದಿನ ಸಲ ಅವನ ಕೈ ಅಷ್ಟು ಬರಿದಾಗಿರದಂತೆ ನೋಡಿಕೊಳ್ಳುವುದು ಸರ್ಕಾರದ ಹೊಣೆ. ಅದನ್ನು ಸರ್ಕಾರಕ್ಕೆ ನೆನಪಿಸುತ್ತಿರುವುದು ನಮ್ಮದು.