ಹುಲ್ಲು ಬೆಳೆದ್ರೆ ಅದು ಬಂಜರು ಭೂಮಿನಾ?

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಹಾಕ್ ಮೌಂಟನ್ ಅಂತ ಒಂದು ಬೆಟ್ಟ ಇದೆ. ವಲಸೆ ಹೋಗೋ ಗಿಡುಗಗಳನ್ನ ಜನ ಅಲ್ಲಿ ನಿಂತು ಮೋಜಿಗೆ ಹೊಡೀತಿದ್ರು. ಅದನ್ನ ತಡೆಯೋಕೆ 1934ರಲ್ಲಿ ರೊಸಾಲಿ ಎಡ್ಜ್ ಅನ್ನೋ ಹೆಣ್ಣುಮಗಳು ಬೆಟ್ಟವನ್ನೇ ಗುತ್ತಿಗೆಗೆ ಹಿಡಿದಳು. ನಮ್ಮ ಕಡೆ ಗಿಡುಗಕ್ಕೆ ಬಂದೂಕಿನ ಕಾಟ ಇಲ್ಲ. ಸಸಿಯ ಕಾಟ ಇದೆ!

ತಮಾಷೆ ಅಲ್ಲ. ಅಕ್ಟೋಬರ್ ಕೊನೆಗೆ ಹರಿಹರದ ಹತ್ತಿರ ಕೊಂಡಜ್ಜಿ ಗುಡ್ಡ ಹತ್ತಿ ನೋಡಿ. ಅದೃಷ್ಟ ಇದ್ರೆ ಕೆಳಗೆ ಮೆಕ್ಕೆಜೋಳದ ಹೊಲಗಳ ಮೇಲೆ, ರೆಕ್ಕೆ ಸ್ವಲ್ಪ ಮೇಲೆತ್ತಿ ತಗ್ಗಿನಲ್ಲೇ ತೇಲೋ ಹ್ಯಾರಿಯರ್ ಕಾಣುತ್ತೆ. ಕಜಕಿಸ್ತಾನ, ರಷ್ಯಾದ ಹುಲ್ಲುಬಯಲುಗಳಲ್ಲಿ ಮರಿ ಮಾಡಿ ಇಲ್ಲಿಗೆ ಚಳಿಗಾಲ ಕಳೆಯೋಕೆ ಬರೋ ಗಿಡುಗ. ಮಿಡತೆ, ಸಣ್ಣ ಹಕ್ಕಿ ತಿನ್ನುತ್ತೆ. ಸಂಜೆ ಗುಂಪಾಗಿ ಹುಲ್ಲಿಗಿಳಿದು ನೆಲದ ಮೇಲೇ ಮಲಗುತ್ತೆ. ಅದಕ್ಕೆ ಮರ ಬೇಡ ಮಾರಾಯ್ರೆ, ಹುಲ್ಲು ಬೇಕು.

ನಮ್ಮ ದಾಖಲೆಗಳಲ್ಲೋ ಹುಲ್ಲುಗಾವಲು ಅಂದ್ರೆ ಬಂಜರು, ಬೀಳು, ಖರಾಬು. ಹೆಸರು ಇಟ್ಟಾಯ್ತಲ್ಲ, ಇನ್ನು ‘ಉದ್ಧಾರ’ ಮಾಡೋದು ಬಾಕಿ. ಹರಿಹರದಿಂದ ಹೊಳೆ ದಾಟಿದ್ರೆ ಕುಮಾರಪಟ್ಟಣ, ಅಲ್ಲಿ ಹರಿಹರ ಪಾಲಿಫೈಬರ್ಸ್. ಅದರ ಪಲ್ಪಿಗೆ ನೀಲಗಿರಿ ಬೆಳೆಯೋಕೆ ಅಂತ 1984ರಲ್ಲಿ ಸರ್ಕಾರ ಕಂಪನಿ ಜೊತೆ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಕಟ್ಟಿತು. ಸುಮಾರು 30,000 ಹೆಕ್ಟೇರ್ ಜಾಗದ ಮಾತು! ಜನ ದನ ಮೇಯಿಸ್ತಿದ್ದ, ಸೌದೆ ತರ್ತಿದ್ದ ಜಾಗ. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಲ್ಲಿ ರೈತರು ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಗಿಡ ನೆಟ್ರು. ಅದೇ ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹ. 1991ರಲ್ಲಿ ಆ ಕಂಪನಿ ಮುಚ್ಚಿತು. ಅವರು ಯಾರೂ ಗಿಡುಗಕ್ಕಾಗಿ ಹೋರಾಡಿದ್ದಲ್ಲ, ಮೇವಿಗಾಗಿ. ಆದ್ರೆ ಮೇವು ಉಳಿದಲ್ಲೇ ಗಿಡುಗಕ್ಕೂ ಹಾಸಿಗೆ ಉಳಿಯೋದು.

ಪಕ್ಕದ ರಾಣೆಬೆನ್ನೂರು ಅಭಯಾರಣ್ಯ ನೋಡಿ. ಬಯಲಲ್ಲಿ ಓಡೋ ಕೃಷ್ಣಮೃಗಕ್ಕೆ ಅಂತ 1974ರಲ್ಲಿ ಘೋಷಿಸಿದ್ದು. ಒಳಗೆ ಹೋದ್ರೆ ಸಾಲು ಸಾಲು ನೀಲಗಿರಿ! ಒಂದು ಕಾಲಕ್ಕೆ ಅಲ್ಲಿ ಎರೆಭೂತ ಹಕ್ಕಿಯೂ ಇತ್ತು. ಹೊಸದಾಗಿ ನೀಲಗಿರಿ ಹಾಕಬಾರದು ಅಂತ ಸರ್ಕಾರಕ್ಕೆ ಹೊಳೆದಿದ್ದು 2017ರಲ್ಲಿ.

ಈಗ ಆ ಕೆಲಸ ನಾವು ವಹಿಸಿಕೊಂಡಿದ್ದೀವಿ. ಜೂನ್ ಬಂತು ಅಂದ್ರೆ ಕಂಪನಿ ಟೀ ಶರ್ಟ್ ಹಾಕ್ಕೊಂಡು ಊರಾಚೆ ಗೋಮಾಳದಲ್ಲಿ ಗುಂಡಿ ತೋಡೋದು, ಸಸಿ ಜೊತೆ ಫೋಟೋ. ನೀಲಗಿರಿ ಬದಲು ಹೊಂಗೆ ನೆಟ್ಟರೂ ಹ್ಯಾರಿಯರ್‌ಗೆ ಅಷ್ಟೇ. ‘ಮರ ಇಂಗಾಲ ಹೀರುತ್ತಲ್ವಾ?’ ಅಂತ ಕಾಮೆಂಟ್ ಹಾಕ್ತೀರಿ, ಗೊತ್ತು :) ಹುಲ್ಲೂ ಹೀರುತ್ತೆ ಸ್ವಾಮಿ, ಬೇರಲ್ಲಿ, ಮಣ್ಣೊಳಗೆ ಕೂಡಿಡುತ್ತೆ. ಫೋಟೋದಲ್ಲಿ ಕಾಣಲ್ಲ, ಅಷ್ಟೇ.

ಗಿಡ ನೆಡಲೇಬೇಕು ಅಂದ್ರೆ ದಾವಣಗೆರೆಯಲ್ಲಿ ನೆರಳಿಲ್ಲದ ರಸ್ತೆಗಳು ಬೇಕಾದಷ್ಟಿವೆ, ಅಲ್ಲಿ ನೆಡಿ. ಗೋಮಾಳಕ್ಕೆ ಗುದ್ದಲಿ ತಗೊಂಡು ಹೋಗೋ ಮುಂಚೆ ಅಲ್ಲಿ ಕುರಿ ಮೇಯಿಸೋರನ್ನ ಒಂದು ಮಾತು ಕೇಳಿ.