ಹೋಗಿ ಕೂತರೆ ಗೊತ್ತಾಗೋದು

‘ಹೇಗಿದ್ದೀಯೋ?’ ‘ಆರಾಮ್. ನೀನು?’ ‘ನಾನೂ ಆರಾಮ್.’ ದೂರದೂರಲ್ಲಿರೋ ಹಳೇ ಗೆಳೆಯರ ಫೋನ್ ಮಾತು ಎಷ್ಟೋ ಸಲ ಇಲ್ಲಿಗೇ ಮುಗಿದುಹೋಗುತ್ತೆ. ನಿಮ್ಮದೂ ಹಾಗೇನಾ?

ನನ್ನ ಹಾಸ್ಟೆಲ್ ರೂಮ್‌ಮೇಟ್ ಶಿರಸಿ ಹತ್ತಿರದ ಹಳ್ಳಿಯವನು. ಅಪ್ಪ ತೀರಿಕೊಂಡ ಮೇಲೆ ಬೆಂಗಳೂರಿನ ಕೆಲಸ ಬಿಟ್ಟು, ಅಡಿಕೆ ತೋಟ ನೋಡ್ಕೊಳ್ಳೋಕೆ ಊರಿಗೆ ಹೋದ. ನಾಲ್ಕು ವರ್ಷದಿಂದ ನಮ್ಮದು ಬರೀ ಫೋನ್ ಸ್ನೇಹ. ಹೋದ ತಿಂಗಳು ಮೂರು ದಿನ ಒಟ್ಟಿಗೆ ರಜೆ ಸಿಕ್ತು. ಹೆಂಡತಿ, ಮಗಳನ್ನ ಕರ್ಕೊಂಡು ಹೊರಟೇಬಿಟ್ಟೆ.

ಬೆಂಗಳೂರಿಂದ ಶಿರಸಿಗೆ ಸುಮಾರು 400 ಕಿ.ಮೀ. ಬೆಳಗ್ಗೆ ಐದಕ್ಕೇ ಕಾರು ತೆಗೆದ್ವಿ. ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರ ಎಣಿಸ್ತಾ ಮಗಳಿಗೆ ಹೊತ್ತು ಹೋಯ್ತು. ದಾವಣಗೆರೆಯಲ್ಲಿ ಬೆಣ್ಣೆ ದೋಸೆ. ಹಾವೇರಿಯಲ್ಲಿ ಗೆಳೆಯನ ಅಮ್ಮನಿಗೆ ಅಂತ ಒಂದು ಏಲಕ್ಕಿ ಹಾರ ತಗೊಂಡು, ಹೆದ್ದಾರಿ ಬಿಟ್ಟು ಎಡಕ್ಕೆ ತಿರುಗಿದ್ವಿ. ಬಯಲು ಹಿಂದೆ ಸರೀತಾ ಹಸಿರು ಶುರುವಾಯ್ತು.

ಮೆಟ್ಟಿಲು ಹತ್ತೋ ಮೊದಲೇ ಅವನ ಅಮ್ಮ ‘ಆಸರಿಗೆ ಏನು ಕೊಡ್ಲಿ?’ ಅಂದ್ರು. ಊಟಕ್ಕೆ ತಂಬುಳಿ, ಅಪ್ಪೆಹುಳಿ. ಮಕ್ಕಳಿಬ್ಬರೂ ಅರ್ಧ ಗಂಟೆಯಲ್ಲಿ ದೋಸ್ತಿಗಳಾದ್ರು. ಎಲ್ಲ ಚೆನ್ನಾಗೇ ಇತ್ತು.

ಸಂಜೆ ತೋಟಕ್ಕೆ ಇಳಿದಾಗ ಬೇರೆಯೇ ಕಂಡಿತು. ಎಲೆಚುಕ್ಕಿ ರೋಗ. ಸೋಗೆ ತುಂಬಾ ಚುಕ್ಕೆ ಬಿದ್ದು, ಒಣಗಿ ಜೋತುಬಿದ್ದಿದ್ವು. ‘ಕೊಳೆ ಬಂದ್ರೆ ಆ ವರ್ಷದ ಫಸಲು ಹೋಗುತ್ತೆ. ಇದು ಮರದ ಶಕ್ತಿಯನ್ನೇ ತಿನ್ನುತ್ತೆ. ಹೊಸ ಸಸಿ ನೆಟ್ರೂ ಫಲಕ್ಕೆ ಐದಾರು ವರ್ಷ ಕಾಯ್ಬೇಕು. ಎಂತ ಮಾಡೋದು ಮಾರಾಯ?’ ಅಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮನೆಯಿಂದಲೇ ಮಾಡೋ ಕೆಲಸ ಏನಾದ್ರೂ ಇದ್ರೆ ನೋಡ್ತೀಯಾ?’ ಅಂತ ಕೇಳಿದ.

ಈ ಮಾತು ಒಂದು ವರ್ಷದಿಂದ ಅವನ ಮನಸ್ಸಲ್ಲಿತ್ತಂತೆ. ಫೋನ್ ಮಾಡಿದಾಗೆಲ್ಲ ಬಾಯಿ ಬರಲಿಲ್ಲವಂತೆ. ಅತ್ತ ಅಡುಗೆಮನೆಯಲ್ಲಿ ಅವನ ಹೆಂಡತಿ ನನ್ನವಳ ಹತ್ರ, ‘ಇವರು ಇಷ್ಟು ಮಾತಾಡಿದ್ದು ನೋಡಿ ಎಷ್ಟು ದಿನ ಆಗಿತ್ತು’ ಅಂದರಂತೆ.

ಮರುದಿನ ಬೆಳಗ್ಗೆ ಜಗುಲಿಯಲ್ಲಿ ಕೂತು ಇಬ್ಬರೂ ಅವನ ರೆಸ್ಯೂಮೆ ಹೊಸದಾಗಿ ಬರೆದ್ವಿ. ಈಗಾಗಲೇ ಎರಡು ಕಡೆ ಕಳಿಸಿದ್ದೀನಿ. ಕೆಲಸ ಇನ್ನೂ ಸಿಕ್ಕಿಲ್ಲ, ತೋಟದ ರೋಗವೂ ಹೋಗಿಲ್ಲ. ಆದ್ರೆ ಈಗ ಅವನೇ ಫೋನ್ ಮಾಡ್ತಾನೆ, ಇದ್ದದ್ದನ್ನ ಇದ್ದ ಹಾಗೇ ಹೇಳ್ತಾನೆ. ಅವನನ್ನ ಕೇಳಿಯೇ ಇದನ್ನ ಬರೀತಿದ್ದೀನಿ, ಹೆಸರು ಮಾತ್ರ ಬೇಡ ಅಂದ.

ಕಷ್ಟದ ಮಾತಿಗೆ ಪುರುಸೊತ್ತು ಬೇಕು. ಒಂದು ಗಂಟೆ ಇದ್ದು ಬಂದ್ರೆ ಕಾಫಿ ಸಿಗುತ್ತೆ, ಒಂದು ರಾತ್ರಿ ಉಳಿದ್ರೆ ಗೆಳೆಯ ಸಿಗ್ತಾನೆ. ಹಾಗಾಗಿ ಹೋಗೋದಾದ್ರೆ ಮುಂಚೆಯೇ ತಿಳಿಸಿ, ಮನೆಯವರನ್ನೂ ಕರ್ಕೊಂಡು ಹೋಗಿ, ಕತ್ತಲಾಗೋ ಮೊದಲೇ ತಲುಪಿ. ಅಲ್ಲಿ ಊರು ಸುತ್ತೋ ಪ್ಲ್ಯಾನ್ ಇಟ್ಕೋಬೇಡಿ.

ಮುಂದಿನ ಸಾಲು ರಜೆಗೆ ರೆಸಾರ್ಟ್ ಹುಡುಕೋ ಮುಂಚೆ ನಿಮ್ಮ ಫೋನಿನ ಕಾಂಟ್ಯಾಕ್ಟ್ಸ್ ಒಮ್ಮೆ ನೋಡಿ. ಯಾವ ಹೆಸರ ಹತ್ರ ಬೆರಳು ನಿಲ್ಲುತ್ತೋ, ಅವರಿಗೆ ‘ಬರ್ತಿದ್ದೀವಿ’ ಅಂತ ಒಂದು ಮೆಸೇಜ್ ಹಾಕಿ.