ಪುನರುಕ್ತಿಯ ಹೊರೆ

ಪುನರುಕ್ತಿ ಕಾವ್ಯಕ್ಕೆ ದೋಷವೆಂದು ಆಲಂಕಾರಿಕರು ಎಂದೋ ಎಚ್ಚರಿಸಿದ್ದಾರೆ. ಅಂತರಜಾಲದ ಪುಟಕ್ಕೂ ಆ ಮಾತು ಸಲ್ಲುತ್ತದೆ.

ಹಳ್ಳಿಯ ವಿದ್ಯಾರ್ಥಿಯೊಬ್ಬ ಕಾಲೇಜಿನ ಅರ್ಜಿ ತುಂಬಲು ಮೊಬೈಲು ಹಿಡಿದು ಕುಳಿತಿದ್ದಾನೆ. ಪುಟ ಅರ್ಧ ತೆರೆದು ನಿಂತಿದೆ. ಗಡುವು ಮಾತ್ರ ನಿಲ್ಲದು. ತಪ್ಪೆಲ್ಲ ದುರ್ಬಲ ಸಂಪರ್ಕದ್ದೆಂದು ಜನ ಭಾವಿಸುತ್ತಾರೆ. ಪುಟ ರಚಿಸಿದವನ ಪಾಲೂ ಅದರಲ್ಲುಂಟು.

ಒಂದೇ ಪುಟದಲ್ಲಿ ಅವೇ ಪದಗಳು, ಅವೇ ಸೂಚನೆಗಳು ಮತ್ತೆ ಮತ್ತೆ ಬರುತ್ತವೆ. ಎರಡನೆಯ ಸಲ ಬಂದುದನ್ನು ಬರೆಯದೆ, ‘ಇಷ್ಟು ಹಿಂದೆ, ಇಷ್ಟು ಉದ್ದ’ ಎಂದಷ್ಟೇ ಸೂಚಿಸುವ ಉಪಾಯವನ್ನು ಇಸ್ರೇಲಿನ ಜೇಕಬ್ ಜಿವ್ ಮತ್ತು ಅಬ್ರಹಾಂ ಲೆಂಪೆಲ್ 1977ರಲ್ಲಿ ಪ್ರಕಟಿಸಿದರು. 1992ರಲ್ಲಿ ಬಂದ ‘ಜಿ-ಜಿಪ್’ ಅದನ್ನು ಅಳವಡಿಸಿಕೊಂಡಿತು. ಸರ್ವರ್ ಅಡಕಿಸಿ ಕಳುಹಿಸಿದ ಪುಟವನ್ನು ಬ್ರೌಸರ್ ತಾನೇ ಬಿಡಿಸಿಕೊಳ್ಳುತ್ತದೆ. ಕನ್ನಡಕ್ಕಂತೂ ಇದು ಮಹೋಪಕಾರ. ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್ ಸಾಕಾದರೆ, ಕನ್ನಡದ ಪ್ರತಿ ಅಕ್ಷರಚಿಹ್ನೆಗೂ 3 ಬೈಟ್ ಬೇಕು. ಆದರೆ ಮೊದಲ ಬೈಟ್ ಎಲ್ಲಕ್ಕೂ ಒಂದೇ ಆದುದರಿಂದ ಆ ಹೊರೆ ಬಹುಮಟ್ಟಿಗೆ ಇಳಿಯುತ್ತದೆ.

ಇನ್ನೊಂದು ಪುನರುಕ್ತಿಯೂ ಉಂಟು. ಜಿಲ್ಲೆಯನ್ನು ಆರಿಸಿದೊಡನೆ, ತಾಲ್ಲೂಕುಗಳ ಪಟ್ಟಿಯೊಂದಕ್ಕಾಗಿ ಇಡೀ ಪುಟವೇ ಮರಳಿ ಬರುವುದು! ಬೇಕಾದಷ್ಟನ್ನು ಮಾತ್ರ ಹಿನ್ನೆಲೆಯಲ್ಲಿ ತರಿಸುವ ಸೌಕರ್ಯವನ್ನು ಮೈಕ್ರೋಸಾಫ್ಟಿನ ಇಂಟರ್ನೆಟ್ ಎಕ್ಸ್‌ಪ್ಲೋರರ್ 5 ಎಂಬ ಬ್ರೌಸರ್ 1999ರಲ್ಲಿ ಒದಗಿಸಿತು. 2005ರಲ್ಲಿ ಈ ಕ್ರಮಕ್ಕೆ ‘ಏಜಾಕ್ಸ್’ ಎಂಬ ಹೆಸರು ಬಂದಿತು. ಪಟ್ಟಿ ಬರುವವರೆಗೆ ತುಂಬಿದ್ದು ಅಳಿಯದು, ಉಳಿದ ಕೆಲಸ ನಿಲ್ಲದು.

ವೇಗದ ಸಂಪರ್ಕವನ್ನು ಕೊಳ್ಳುವ ಶಕ್ತಿ ಎಲ್ಲರಿಗಿಲ್ಲ. ಮಿತಭಾಷಿಯಾಗುವುದು ಪುಟ ಕಟ್ಟುವವನ ಕೈಯಲ್ಲಿದೆ. ಅವನ ಸಂಯಮವೊಂದರಿಂದಲೇ ಆ ಹುಡುಗನ ಅರ್ಜಿ ಗಡುವಿನೊಳಗೆ ಸೇರೀತು.